ಎರಡು ವರ್ಷವಾದರೂ ಮಗು ಮಾತಾಡುತ್ತಿಲ್ಲ: ಕಾಗಾಲದಿಂದ ಕಾರವಾರದವರೆಗೆ, ಯಾರೂ ಬರೆದಿಡದ ಸರತಿ

"ಗಂಡು ಮಗು ಅಲ್ವಾ, ಮಾತು ತಡ. ಅವನ ಅಪ್ಪನೂ ಮೂರು ತುಂಬಿದ ಮೇಲೇ ಬಾಯಿ ಬಿಟ್ಟದ್ದು."

ಈ ಮಾತು ಕೇಳಿಸದ ಮನೆ ನಮ್ಮಲ್ಲಿ ಕಡಿಮೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ಕೇಳಿದ ತಾಯಿಗೂ ಸ್ವಲ್ಪ ಸಮಾಧಾನ ಆಗುತ್ತದೆ. ಅಲ್ಲಿಂದ ಮುಂದೆ ಆರು ತಿಂಗಳು, ಕೆಲವೊಮ್ಮೆ ಎರಡು ವರ್ಷ, ಸುಮ್ಮನೆ ಕಳೆದುಹೋಗುತ್ತದೆ. ಮಕ್ಕಳ ಆಟಿಸಂ ಸೇವೆಗೆ ಸರ್ಕಾರಿ ವ್ಯವಸ್ಥೆಯಲ್ಲಿ ಎಷ್ಟು ಕಾಯಬೇಕು, ಯಾಕೆ ಕಾಯಬೇಕು ಎಂದು ಕೇಳುವವರು ಸಾಮಾನ್ಯವಾಗಿ ಆಸ್ಪತ್ರೆಯ ಬಾಗಿಲಿನಿಂದ ಲೆಕ್ಕ ಶುರು ಮಾಡುತ್ತಾರೆ. ನಾವು ಮನೆಯ ಜಗುಲಿಯಿಂದಲೇ ಶುರು ಮಾಡುತ್ತೇವೆ, ಏಕೆಂದರೆ ಕಾಯುವುದು ಶುರುವಾಗುವುದೇ ಅಲ್ಲಿ.

ಕುಮಟಾ ತಾಲ್ಲೂಕಿನ ಕಾಗಾಲದಲ್ಲಿ ಎರಡು ವರ್ಷದ ಒಬ್ಬ ಹುಡುಗ ಇದ್ದಾನೆ ಎಂದುಕೊಳ್ಳಿ. ನಿಜವಾದ ಮಗುವಲ್ಲ, ಲೆಕ್ಕ ತಿಳಿಯಲೆಂದು ನಾವು ಕಟ್ಟಿಕೊಂಡವನು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ಬಿಸ್ಕತ್ತಿನ ಪೊಟ್ಟಣದ ಸದ್ದಿಗೆ ಓಡಿ ಬರುತ್ತಾನೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಅಮ್ಮನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಆಟದ ಕಾರನ್ನು ಓಡಿಸುವುದಕ್ಕಿಂತ ಅದರ ಚಕ್ರ ತಿರುಗಿಸುವುದರಲ್ಲೇ ಅವನಿಗೆ ಖುಷಿ. ಒಂದೂವರೆ ವರ್ಷದಲ್ಲಿ ಹೇಳುತ್ತಿದ್ದ 'ಅಮ್ಮ', 'ಬೇಕು' ಈಗ ಇಲ್ಲ. ಇವನಿಗೆ ಆಟಿಸಂ ಇರಬಹುದು, ಇಲ್ಲದೆಯೂ ಇರಬಹುದು. ಅದು ಗೊತ್ತಾಗುವುದಕ್ಕೆ ಈ ಕುಟುಂಬ ಎಲ್ಲೆಲ್ಲಿ, ಎಷ್ಟೆಷ್ಟು ಹೊತ್ತು ನಿಲ್ಲಬೇಕು?

ಮೊದಲ ಸರತಿ: ಜಗುಲಿಯ ಮೇಲೆ

'ಮಾತು ತಡ' ಎನ್ನುವ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿರುವುದು ಅದು ಪೂರ್ತಿ ಸುಳ್ಳಲ್ಲ ಎಂಬ ಕಾರಣಕ್ಕೇ. ತಡವಾಗಿ ಮಾತಾಡುವ ಮಕ್ಕಳಲ್ಲಿ ಬಹಳಷ್ಟು ಮಂದಿ ಮುಂದೆ ಸರಿಹೋಗುತ್ತಾರೆ. ಸರಾಸರಿಯಲ್ಲಿ ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ತುಸು ಹಿಂದೆ ಇರುವುದೂ ನಿಜ. ಹೀಗಾಗಿ ಪ್ರತಿ ಊರಲ್ಲೂ 'ನಾಲ್ಕು ವರ್ಷಕ್ಕೆ ಮಾತಾಡಿ ಈಗ ಬ್ಯಾಂಕಿನಲ್ಲಿರುವ' ಒಬ್ಬರು ಉದಾಹರಣೆಗೆ ಸಿಗುತ್ತಾರೆ. ಸರಿಹೋಗದವರ ಕತೆಯನ್ನು ಮಾತ್ರ ಯಾರೂ ಜಗುಲಿಯಲ್ಲಿ ಕುಳಿತು ಹೇಳುವುದಿಲ್ಲ.

ಆದರೆ ಹಾಗೆ ಸರಿಹೋಗುವ ಮಕ್ಕಳಲ್ಲಿ ಒಂದು ವಿಷಯ ಸಾಮಾನ್ಯವಾಗಿ ಕಾಣುತ್ತದೆ. ಬಾಯಲ್ಲಿ ಮಾತು ಬಾರದಿದ್ದರೂ ಅವರು ಮಾತಾಡುತ್ತಲೇ ಇರುತ್ತಾರೆ: ಬೆರಳಿನಿಂದ, ಕಣ್ಣಿನಿಂದ, ತಲೆಯಾಡಿಸಿ. ಆಕಾಶದಲ್ಲಿ ವಿಮಾನ ಕಂಡರೆ ಬೆರಳು ಮಾಡಿ ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತಾರೆ. 'ಚಪ್ಪಲಿ ತಾ' ಎಂದರೆ ತರುತ್ತಾರೆ. ಆಟಿಸಂನ ಅನುಮಾನ ಬರುವುದು ಈ ಕೊಡು-ಕೊಳ್ಳುವಿಕೆಯೇ ಕಡಿಮೆ ಇದ್ದಾಗ. ಆದ್ದರಿಂದ ಎಷ್ಟು ಪದ ಬಂತು ಎಂದು ಎಣಿಸುತ್ತ ಕೂರುವುದಕ್ಕಿಂತ, ತನಗೆ ಕಂಡದ್ದನ್ನು ಮಗು ನಿಮಗೂ ತೋರಿಸುತ್ತಿದೆಯೇ ಎಂದು ನೋಡಿ. ಒಂದು ವರ್ಷವಾದರೂ ಹೆಸರಿಗೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಏನನ್ನೂ ಬೆರಳು ಮಾಡಿ ತೋರಿಸದಿರುವುದು, ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಹೇಳದಿರುವುದು, ಇಷ್ಟು ಕಂಡರೆ ಪರೀಕ್ಷೆಗೆ ಕರೆದೊಯ್ಯಬೇಕು. ಬಂದ ಮಾತು ಹೋಯಿತು ಎಂದಾದರೆ ಯಾವ ವಯಸ್ಸಿನಲ್ಲೇ ಆಗಲಿ ಒಂದು ದಿನವೂ ಕಾಯಬಾರದು. ನಮ್ಮ ಕಾಗಾಲದ ಹುಡುಗನ ವಿಷಯದಲ್ಲಿ ಈ ಕೊನೆಯದೊಂದೇ ಸಾಕಿತ್ತು.

ಮೊದಲ ಸರತಿಯನ್ನು ಉದ್ದ ಮಾಡುವ ನಂಬಿಕೆಗಳು ಇನ್ನೂ ಇವೆ. ನಾಲಗೆಗೆ ಬಜೆ ತೇದು ಹಚ್ಚುತ್ತಾರೆ. ಅದರಿಂದ ಮಾತು ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ನಾಲಗೆಯ ಕೆಳಗಿನ ಎಳೆ ಬಿಗಿಯಾಗಿದೆ, ಕತ್ತರಿಸಿದರೆ ಮಾತು ಬರುತ್ತದೆ ಎನ್ನುತ್ತಾರೆ. ಆ ಎಳೆ ತೀರ ಬಿಗಿಯಾಗಿದ್ದರೆ ಹಾಲು ಕುಡಿಯಲು ಕಷ್ಟವಾಗಬಹುದು, ಕೆಲವು ಅಕ್ಷರಗಳ ಉಚ್ಚಾರ ತೊಡಕಾಗಬಹುದು. ಮಗು ಹೆಸರಿಗೆ ತಿರುಗದೆ ಇರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಿವಿಯ ವಿಷಯ ಬೇರೆ. ಮಾತು ತಡವಾದ ಪ್ರತಿ ಮಗುವಿಗೂ ಶ್ರವಣ ಪರೀಕ್ಷೆ ಮಾಡಿಸಲೇಬೇಕು. 'ಹಿಂದಿನಿಂದ ಚಪ್ಪಾಳೆ ತಟ್ಟಿದೆವು, ತಿರುಗಿದ' ಎನ್ನುವುದು ಶ್ರವಣ ಪರೀಕ್ಷೆ ಅಲ್ಲ. ಕೆಲವೇ ಸ್ವರಗಳು ಕೇಳಿಸದ ಮಗುವೂ ಚಪ್ಪಾಳೆಗೆ ತಿರುಗುತ್ತದೆ.

ಕರಾವಳಿಯಲ್ಲಿ ವಿಶೇಷವಾಗಿ ಕೇಳಿಬರುವುದು ಭಾಷೆಯ ಮೇಲಿನ ದೂರು. ಕುಮಟಾ, ಹೊನ್ನಾವರದ ಎಷ್ಟೋ ಮನೆಗಳಲ್ಲಿ ಕೊಂಕಣಿ, ಅಂಗನವಾಡಿಯಲ್ಲಿ ಕನ್ನಡ. ಭಟ್ಕಳದಲ್ಲಿ ನವಾಯತಿ, ಉರ್ದು, ಕನ್ನಡ ಮೂರೂ ಒಂದೇ ಬೀದಿಯಲ್ಲಿವೆ. 'ಎರಡು ಭಾಷೆ ಮಾತಾಡಿ ಮಗುವಿಗೆ ಗೊಂದಲ ಮಾಡಿದಿರಿ, ಒಂದೇ ಭಾಷೆ ಇಟ್ಟುಕೊಳ್ಳಿ' ಎಂದು ಓದಿದವರೂ ಹೇಳಿಬಿಡುತ್ತಾರೆ. ಹೆಚ್ಚು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ. ಎರಡು ಭಾಷೆಯ ಮನೆಯಲ್ಲಿ ಬೆಳೆಯುವ ಆಟಿಸಂ ಇರುವ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬೀಳುತ್ತಾರೆ ಎಂದೂ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮನೆಯ ಭಾಷೆ ಬಿಟ್ಟರೆ ನಷ್ಟವೇ ಹೆಚ್ಚು. ಅಜ್ಜಿಗೆ ಬರುವುದು ಕೊಂಕಣಿ ಮಾತ್ರ ಎಂದಾದರೆ, ಮಗುವಿನೊಡನೆ ಇಡೀ ದಿನ ಇರುವ ವ್ಯಕ್ತಿಯ ಬಾಯನ್ನೇ ನಾವು ಮುಚ್ಚಿಸಿದ ಹಾಗಾಯಿತು.

ಲಸಿಕೆಯ ಮಾತನ್ನು ಎರಡೇ ಸಾಲಿನಲ್ಲಿ ಮುಗಿಸುತ್ತೇವೆ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭಯ ಹುಟ್ಟಿಸಿದ 1998ರ ಲೇಖನವನ್ನು ಅದೇ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನ 6,57,461 ಮಕ್ಕಳನ್ನು ಗಮನಿಸಿದ 2019ರ ಅಧ್ಯಯನದಲ್ಲಿ ಅಂಥ ನಂಟು ಕಾಣಲಿಲ್ಲ.

ಎರಡನೆಯ ಸರತಿ: ಹೆಸರು ಸಿಗುವವರೆಗೆ

ಕಾಗದದ ಮೇಲೆ ನೋಡಿದರೆ ನಮ್ಮ ವ್ಯವಸ್ಥೆ ಚೆನ್ನಾಗಿದೆ, ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ (ಆಶಾ ಕಾರ್ಯಕರ್ತೆಯರು 'ಆರ್‌ಬಿಎಸ್‌ಕೆ' ಎನ್ನುವುದು ಇದನ್ನೇ) ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡಬೇಕು. ಸಂಚಾರಿ ವೈದ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ನೋಡಬೇಕಾದ ಮೂವತ್ತು ಸಮಸ್ಯೆಗಳ ಪಟ್ಟಿಯಲ್ಲಿ ಆಟಿಸಂ ಇದೆ, ಮಾತಿನ ತಡವೂ ಇದೆ. ಅನುಮಾನ ಬಂದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ 'ಡಿಇಐಸಿ'ಗೆ ಕಳಿಸಬೇಕು. ಅಲ್ಲಿ ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ಶ್ರವಣ ಮತ್ತು ವಾಕ್ ತಜ್ಞರು, ಫಿಸಿಯೋಥೆರಪಿಸ್ಟ್, ವಿಶೇಷ ಶಿಕ್ಷಕರು ಎಲ್ಲರೂ ಒಂದೇ ಸೂರಿನಡಿ ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ.

ಈ ಪ್ಯಾರಾದಲ್ಲಿ 'ಬೇಕು' ಎಷ್ಟು ಸಲ ಬಂತು ಎಂದು ಎಣಿಸಿದರೆ ಮುಂದಿನ ಕತೆ ಅರ್ಧ ತಿಳಿಯುತ್ತದೆ.

ತಂಡ ಅಂಗನವಾಡಿಗೆ ಬಂದ ದಿನ ನಮ್ಮ ಹುಡುಗ ಅಲ್ಲಿರಬೇಕು. ಎರಡು ವರ್ಷದವನು ಅಂಗನವಾಡಿಯಲ್ಲಿ ದಿನವಿಡೀ ಕೂರುವುದಿಲ್ಲ. ಜೋರು ಸದ್ದಿಗೆ ಹೆದರುವ, ಹೊಸಬರ ನಡುವೆ ಅಳುವ ಮಗುವನ್ನು ಮನೆಯವರೇ ಕಳಿಸುವುದಿಲ್ಲ. ಒಂದು ಬೆಳಿಗ್ಗೆ ಅಷ್ಟೂ ಮಕ್ಕಳ ಹಲ್ಲು, ಕಣ್ಣು, ತೂಕ, ರಕ್ತಹೀನತೆ ನೋಡುವ ವೈದ್ಯರಿಗೆ, ಮೂಲೆಯಲ್ಲಿ ತನ್ನಷ್ಟಕ್ಕೆ ಆಡಿಕೊಂಡಿರುವ ಮಗು 'ತೊಂದರೆ ಕೊಡದ ಒಳ್ಳೆ ಮಗು'ವಾಗಿ ಕಾಣಬಹುದು. ಸೀಳುತುಟಿ ನೋಡಿದೊಡನೆ ಕಾಣುತ್ತದೆ, ಆಟಿಸಂ ಹಾಗಲ್ಲ.

ಇನ್ನು ದೂರ. ಉತ್ತರ ಕನ್ನಡದ ಜಿಲ್ಲಾ ಆಸ್ಪತ್ರೆ ಇರುವುದು ಕಾರವಾರದಲ್ಲಿ. ಕಾಗಾಲದಿಂದ ಬಸ್ಸು ಹಿಡಿದು ಕುಮಟಾ ಪೇಟೆಗೆ ಬಂದು, ಅಲ್ಲಿಂದ ಅಂಕೋಲಾ ದಾಟಿ ಇನ್ನೂ ಸುಮಾರು 70 ಕಿಲೋಮೀಟರ್. ಹೋಗಿಬರಲು ಒಂದು ದಿನ ಪೂರ್ತಿ ಬೇಕು. ಅಘನಾಶಿನಿಯ ಇಳಿತ ನೋಡಿಕೊಂಡು ಬಳಚು ಹೆಕ್ಕುವವರಿಗೆ, ಗದ್ದೆ ಕೂಲಿಗೆ ಹೋಗುವವರಿಗೆ ಒಂದು ದಿನ ಎಂದರೆ ಒಂದು ದಿನದ ದುಡಿಮೆ. ಗದ್ದಲದ ಬಸ್ಸಿನಲ್ಲಿ ಕಿವಿ ಮುಚ್ಚಿಕೊಂಡು ಅಳುವ ಮಗು, ಪಕ್ಕದ ಸೀಟಿನಿಂದ 'ಮಗುವಿಗೆ ಸ್ವಲ್ಪ ಶಿಸ್ತು ಕಲಿಸಿ' ಎನ್ನುವವರು. ಎರಡನೆಯ ಭೇಟಿಗೆ ಹೋಗದೆ ಉಳಿಯುವ ಕುಟುಂಬವನ್ನು ನಾವಂತೂ ದೂರುವುದಿಲ್ಲ.

ಇದಕ್ಕೆ ಒಂದು ಭೇಟಿ ಸಾಲುವುದೂ ಇಲ್ಲ. ಜ್ವರಕ್ಕೆ ಐದು ನಿಮಿಷ ಸಾಕು. ಆಟಿಸಂ ಗುರುತಿಸಲು ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಗು ಆಡುವುದನ್ನು ಕುಳಿತು ನೋಡಬೇಕು, ತಂದೆ ತಾಯಿಯನ್ನು ವಿವರವಾಗಿ ಕೇಳಬೇಕು, ಕಿವಿ ಪರೀಕ್ಷೆ ಆಗಿರಬೇಕು. ಭಾರತದಲ್ಲಿ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಬಳಸುವ 'ಇಸಾ' ಎಂಬ ಮಾಪನದಲ್ಲೇ 40 ಅಂಶಗಳಿವೆ. ಒಂದೊಂದಕ್ಕೂ ಮಗುವನ್ನು ಗಮನಿಸಿ, ಮನೆಯವರನ್ನು ಕೇಳಿ ಅಂಕ ಕೊಡಬೇಕು. ಒಬ್ಬ ತಜ್ಞರು ಒಂದು ದಿನಕ್ಕೆ ನೋಡಬಹುದಾದ ಮಕ್ಕಳು ಬೆರಳೆಣಿಕೆಯಷ್ಟು. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ, ಕೆಲಸದ ಸ್ವಭಾವವೇ ಹಾಗೆ.

ಕಾರವಾರ ಆಗದಿದ್ದರೆ ಎಲ್ಲಿಗೆ? ಕರಾವಳಿಯವರು ಅಭ್ಯಾಸದಂತೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಕಡೆ ಮುಖ ಮಾಡುತ್ತಾರೆ. ಸರ್ಕಾರಿ ಸಂಸ್ಥೆಗಳಲ್ಲಿ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ನಿಮ್ಹಾನ್ಸ್ ಮತ್ತು ಮೈಸೂರಿನ ಸಂಸ್ಥೆಗಳು ಈ ಕೆಲಸದಲ್ಲಿ ದೇಶಕ್ಕೇ ಹೆಸರಾದವು. ಹೆಸರಾದ ಕಾರಣಕ್ಕೇ ಬೇರೆ ರಾಜ್ಯಗಳವರೂ ಅಲ್ಲಿಗೇ ಬರುತ್ತಾರೆ. ಕಾಗಾಲದವರಿಗೆ ಅದು ಒಂದು ರಾತ್ರಿಯ ಬಸ್ಸು, ಲಾಡ್ಜಿನ ಬಾಡಿಗೆ, ಮತ್ತೆ ಒಂದು ರಾತ್ರಿಯ ಬಸ್ಸು.

ಮೂರನೆಯದು: ಮುಂದೆ ನಿಂತವರು ಹೊರಗೆ ಬಾರದ ಸರತಿ

ಹೆಸರು ಸಿಕ್ಕ ಮೇಲೆ ಶುರುವಾಗುವುದು ಥೆರಪಿಯ ಸರತಿ. ಇದರ ಲೆಕ್ಕ ಬೇರೆಯೇ. ರೇಷನ್ ಅಂಗಡಿಯ ಸಾಲಿನಲ್ಲಿ ಮುಂದಿನವರು ಅಕ್ಕಿ ತೆಗೆದುಕೊಂಡು ಹೊರಗೆ ಹೋಗುತ್ತಾರೆ, ಸಾಲು ಸರಿಯುತ್ತದೆ. ಥೆರಪಿಯಲ್ಲಿ ಮುಂದಿನ ಮಗು ಒಳಗೆ ಹೋದರೆ ವರ್ಷಗಟ್ಟಲೆ ಒಳಗೇ ಇರುತ್ತದೆ, ಇರಬೇಕಾದದ್ದೂ ಹಾಗೆಯೇ. ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಸ್ಪೀಚ್ ಥೆರಪಿಸ್ಟ್ ದಿನಕ್ಕೆ ಎಂಟು ಮಕ್ಕಳಿಗೆ ಮುಕ್ಕಾಲು ಗಂಟೆಯಂತೆ ಸಮಯ ಕೊಟ್ಟು, ವಾರಕ್ಕೆ ಐದು ದಿನ ದುಡಿದರೆ, ವಾರಕ್ಕೊಮ್ಮೆಯಂತೆ 40 ಮಕ್ಕಳನ್ನು ನೋಡಬಹುದು. ನಲವತ್ತೊಂದನೆಯ ಮಗು ಬಂದರೆ? ಯಾರಾದರೂ ಬಿಟ್ಟುಹೋಗುವವರೆಗೆ ಅದು ಹೊರಗೆ.

ಈಗ ಮಕ್ಕಳ ಕಡೆಯ ಲೆಕ್ಕ. ಜಗತ್ತಿನಲ್ಲಿ ಸುಮಾರು ನೂರರಲ್ಲಿ ಒಂದು ಮಗುವಿಗೆ ಆಟಿಸಂ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಹೇಳುತ್ತ ಬಂದಿದೆ. ಅದರ ಇತ್ತೀಚಿನ ಅಂದಾಜು 127 ಜನರಲ್ಲಿ ಒಬ್ಬರು. ನಮ್ಮ ಪಕ್ಕದ ಉತ್ತರ ಗೋವಾ ಸೇರಿದಂತೆ ದೇಶದ ಐದು ಕಡೆ ಎರಡರಿಂದ ಒಂಬತ್ತು ವರ್ಷದ ಸುಮಾರು 4,000 ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಆಟಿಸಂ, ಬುದ್ಧಿಮಾಂದ್ಯತೆ, ಮೂರ್ಛೆ, ಶ್ರವಣದೋಷ ಮುಂತಾದ ಬೆಳವಣಿಗೆಯ ತೊಂದರೆಗಳಲ್ಲಿ ಒಂದಾದರೂ ಇರುವ ಮಕ್ಕಳು ಸುಮಾರು ಎಂಟರಲ್ಲಿ ಒಬ್ಬರು ಎಂದು ಅದು ಕಂಡುಕೊಂಡಿತು. ಡಿಇಐಸಿಯ ಬಾಗಿಲಲ್ಲಿ ಇವರೆಲ್ಲರೂ ಒಟ್ಟಿಗೇ ನಿಲ್ಲುತ್ತಾರೆ ಎನ್ನುವುದನ್ನು ಮರೆಯಬಾರದು.

2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14,37,169. ಹತ್ತರಲ್ಲಿ ಒಂದು ಪಾಲು ಆರು ವರ್ಷದೊಳಗಿನವರು ಎಂದು ಹಿಡಿದರೆ 1.4 ಲಕ್ಷ ಮಕ್ಕಳು. ನೂರಕ್ಕೆ ಒಂದರಂತೆ 1,400. ಇದು ನಮ್ಮ ಕಚ್ಚಾ ಅಂದಾಜು, ಯಾರೂ ಮನೆಮನೆಗೆ ಹೋಗಿ ಎಣಿಸಿದ್ದಲ್ಲ. ಆದರೂ 1,400ನ್ನು 40ರಿಂದ ಭಾಗಿಸಿದರೆ 35. ವಾರಕ್ಕೆ ಬರೀ ಒಂದು ಸಲ ಸ್ಪೀಚ್ ಥೆರಪಿ ಕೊಡುವುದಕ್ಕೇ ಜಿಲ್ಲೆಗೆ 35 ಮಂದಿ ಬೇಕು, ಅದೂ ಆಟಿಸಂ ಇರುವ ಚಿಕ್ಕ ಮಕ್ಕಳನ್ನು ಮಾತ್ರ ನೋಡಿದರೆ. ಮಾರ್ಗಸೂಚಿ ಪ್ರಕಾರ ಒಂದು ಜಿಲ್ಲೆಗೆ ಇರುವುದು ಇಂಥ ಒಂದು ಕೇಂದ್ರ. ಎಲ್ಲ ಹುದ್ದೆ ತುಂಬಿದ್ದರೂ, ಎಲ್ಲರೂ ಮನಸ್ಸಿಟ್ಟು ದುಡಿದರೂ ಲೆಕ್ಕ ಕೂಡಿಬರುವುದಿಲ್ಲ.

ಇಂಗ್ಲೆಂಡಿನಲ್ಲಿ ಪಟ್ಟಿ ಇದೆ, ಇಲ್ಲಿ ಇಲ್ಲ

ಆಟಿಸಂ ಸೇವೆಗೆ ಉದ್ದ ಸರತಿ ಎಂದು ಹುಡುಕಿದರೆ ಬರುವ ಸುದ್ದಿಗಳು ಹೆಚ್ಚಾಗಿ ಇಂಗ್ಲೆಂಡು, ಕೆನಡಾದವು. ಇಂಗ್ಲೆಂಡಿನಲ್ಲಿ ಆಟಿಸಂ ಮೌಲ್ಯಮಾಪನ ಮೂರು ತಿಂಗಳೊಳಗೆ ಶುರುವಾಗಬೇಕೆಂಬ ಮಾರ್ಗಸೂಚಿ ಇದೆ. ಹೀಗಿದ್ದೂ 2024ರ ಕೊನೆಯ ಹೊತ್ತಿಗೆ ಅಲ್ಲಿ ಕಾಯುತ್ತಿದ್ದವರ ಸಂಖ್ಯೆ, ದೊಡ್ಡವರೂ ಸೇರಿ, ಎರಡು ಲಕ್ಷ ದಾಟಿತ್ತು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಸರ್ಕಾರಿ ಆಟಿಸಂ ಕಾರ್ಯಕ್ರಮಕ್ಕೆ ಹೆಸರು ಬರೆಸಿದ ಮಕ್ಕಳು 60,000ಕ್ಕೂ ಹೆಚ್ಚು.

ಇದನ್ನು ಓದಿ 'ನಮ್ಮಲ್ಲೇ ವಾಸಿ, ಇಷ್ಟು ದೊಡ್ಡ ಸಾಲಿಲ್ಲ' ಎಂದುಕೊಳ್ಳುವುದು ಈ ವಿಷಯದಲ್ಲಿರುವ ಅತಿ ದೊಡ್ಡ ತಪ್ಪು ಕಲ್ಪನೆ. ಅಲ್ಲಿ ಪಟ್ಟಿ ಇರುವುದರಿಂದ ಉದ್ದ ಕಾಣುತ್ತದೆ. ಮಗುವಿನ ಹೆಸರು, ಕಳಿಸಿದ ದಿನಾಂಕ ದಾಖಲಾಗುತ್ತದೆ. ಎಷ್ಟು ಜನ, ಎಷ್ಟು ವಾರದಿಂದ ಎನ್ನುವುದು ಪ್ರಕಟವಾಗುತ್ತದೆ, ಪತ್ರಿಕೆಗಳಲ್ಲಿ ಬರುತ್ತದೆ, ಮಂತ್ರಿಗಳು ಉತ್ತರ ಕೊಡಬೇಕಾಗುತ್ತದೆ. ನಮ್ಮ ಕಾಗಾಲದ ಹುಡುಗ ಮೊದಲ ಸರತಿಯಲ್ಲಿ ನಿಂತದ್ದು ಯಾವ ಪುಸ್ತಕದಲ್ಲೂ ಇಲ್ಲ. ಕಾರವಾರಕ್ಕೆ ಒಮ್ಮೆ ಹೋಗಿ ಎರಡನೆಯ ಸಲ ಹೋಗದೆ ಇದ್ದರೆ, ಅವನು 'ಬಾರದವನು' ಆಗುತ್ತಾನೆಯೇ ಹೊರತು 'ಕಾಯುತ್ತಿರುವವನು' ಆಗುವುದಿಲ್ಲ. 2011ರ ಜನಗಣತಿಯ ಅಂಗವಿಕಲತೆಯ ವಿಭಾಗಗಳಲ್ಲಿ ಆಟಿಸಂ ಪ್ರತ್ಯೇಕವಾಗಿ ಇರಲೇ ಇಲ್ಲ. ಕಾನೂನಿನಲ್ಲಿ ಮಾತ್ರ ಜಾಗ ಸಿಕ್ಕಿದೆ: 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ, ಮತ್ತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ.

ಉತ್ತರ ಕನ್ನಡದವರಿಗೆ ಆಸ್ಪತ್ರೆಗಾಗಿ ದನಿ ಎತ್ತುವುದು ಹೊಸದಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಇದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆ ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ಸತ್ತ ಮೇಲಂತೂ ಜಿಲ್ಲೆಯೇ ಬೀದಿಗಿಳಿಯಿತು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಅಪಘಾತಕ್ಕೆ, ಹೃದಯಾಘಾತಕ್ಕೆ ಇರುವ ಸದ್ದು ಇದಕ್ಕಿಲ್ಲ. ಥೆರಪಿ ಸಿಗದೆ ಮಗು ಸಾಯುವುದಿಲ್ಲ, ಸುಮ್ಮನೆ ಐದು ವರ್ಷದ್ದಾಗುತ್ತದೆ. ಕುಮಟಾಕ್ಕೆ ಒಬ್ಬ ಸ್ಪೀಚ್ ಥೆರಪಿಸ್ಟ್ ಬೇಕು ಎಂದು ಬರೆದ ಬ್ಯಾನರನ್ನು ನಾವು ಇನ್ನೂ ನೋಡಿಲ್ಲ.

ಕಾಯುವ ಹೊತ್ತಿನಲ್ಲಿ ಏನೂ ಮಾಡಲಾಗದೇ?

ಆಟಿಸಂ ಎಂದು ಹೆಸರು ಸಿಗುವವರೆಗೆ ಏನೂ ಶುರು ಮಾಡಬಾರದು ಎನ್ನುವುದು ತಪ್ಪು. ಆಸ್ಟ್ರೇಲಿಯಾದಲ್ಲಿ ಒಂದು ವರ್ಷದ ಆಸುಪಾಸಿನ, ಆರಂಭಿಕ ಲಕ್ಷಣ ಕಂಡ 103 ಶಿಶುಗಳ ಮೇಲೆ ಒಂದು ಪ್ರಯೋಗ ನಡೆಯಿತು. ಯಾರಿಗೂ ಆಗಿನ್ನೂ ಆಟಿಸಂ ಎಂದು ಹೇಳಿರಲಿಲ್ಲ. ಒಂದು ಗುಂಪಿನ ತಂದೆ ತಾಯಂದಿರಿಗೆ, ತಾವು ಮಗುವಿನೊಡನೆ ಆಡುವ ವಿಡಿಯೊವನ್ನೇ ತೋರಿಸಿ, ಮಗುವಿನ ಸೂಕ್ಷ್ಮ ಸಂಜ್ಞೆಗಳನ್ನು ಗುರುತಿಸಿ ಸ್ಪಂದಿಸಲು ಕಲಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ವರ್ಷ ತುಂಬುವಾಗ ಆಟಿಸಂನ ಮಾನದಂಡ ತಲುಪಿದವರು ಆ ಗುಂಪಿನಲ್ಲಿ ಸುಮಾರು ಶೇ 7, ಇನ್ನೊಂದು ಗುಂಪಿನಲ್ಲಿ ಸುಮಾರು ಶೇ 20. ಚಿಕ್ಕ ಪ್ರಯೋಗ, ಇದನ್ನು 'ಆಟಿಸಂ ವಾಸಿಯಾಯಿತು' ಎಂದು ಓದಬಾರದು. ಬೇಗ ಶುರು ಮಾಡಿದರೆ ದಾರಿ ಬದಲಾಗಬಹುದು ಎನ್ನುವಷ್ಟು ಮಾತ್ರ ಹೇಳಬಹುದು.

ನಮಗೆ ಇನ್ನೂ ಹತ್ತಿರದ್ದು ಗೋವಾದ ಅನುಭವ. ಅಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಒಟ್ಟು 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವದು. ಬ್ರಿಟನ್ನಿನಲ್ಲಿ ತಜ್ಞರು ಕೊಡುತ್ತಿದ್ದ ತರಬೇತಿಯನ್ನು ಸರಳಗೊಳಿಸಿ, ತಜ್ಞರಲ್ಲದ ಕಾರ್ಯಕರ್ತರ ಮೂಲಕ, 12 ಭೇಟಿಗಳಲ್ಲಿ ಪೋಷಕರಿಗೆ ಕಲಿಸಿದರು. ಪೋಷಕರು ಮಗುವಿನ ಹೆಜ್ಜೆಗೆ ಹೆಜ್ಜೆ ಹಾಕುವುದು ಹೆಚ್ಚಿತು, ಮಗು ತಾನಾಗಿ ಸಂವಹನ ಶುರು ಮಾಡುವುದೂ ಹೆಚ್ಚಿತು. ಎಲ್ಲ ಅಳತೆಯಲ್ಲೂ ಸುಧಾರಣೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಕಾರವಾರದ ಸೇತುವೆ ದಾಟಿದರೆ ಸಿಗುವ ಊರಿನಲ್ಲಿ, ಮನೆಯೊಳಗೆ, ಕೋಟಿಗಟ್ಟಲೆ ಯಂತ್ರವಿಲ್ಲದೆ ಇಷ್ಟು ಆಯಿತು.

ಆ ತರಬೇತಿಯ ತಿರುಳನ್ನು ನಮ್ಮ ಹುಡುಗನ ಮೂಲಕ ಹೇಳುವುದಾದರೆ ಹೀಗೆ. ಅವನು ಸ್ಟೀಲಿನ ಡಬ್ಬಿಯ ಮುಚ್ಚಳ ನೆಲದ ಮೇಲೆ ತಿರುಗಿಸುತ್ತಿದ್ದಾನೆ. ನಮಗೆ ಮೊದಲು ತೋಚುವುದು ಅದನ್ನು ಕಿತ್ತುಕೊಂಡು, ಚಿತ್ರದ ಪುಸ್ತಕ ಹಿಡಿದು, 'ಇದು ಏನು? ಹೇಳು. ಆನೆ ಅನ್ನು' ಎನ್ನುವುದು. ಅದು ಪರೀಕ್ಷೆಯಾಯಿತು. ಬದಲಿಗೆ ಅವನ ಎದುರು, ಅವನ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕುಳಿತು, ನೀವೂ ಒಂದು ಮುಚ್ಚಳ ತಿರುಗಿಸಿ. 'ತಿರುಗ್ತು, ತಿರುಗ್ತು... ಬಿತ್ತು!' ಎನ್ನಿ, ಪ್ರಶ್ನೆ ಬೇಡ. ಆಮೇಲೆ ಸುಮ್ಮನಿರಿ, ಹತ್ತು ಎಣಿಸುವಷ್ಟು ಹೊತ್ತು. ಈ ಸುಮ್ಮನಿರುವುದೇ ಕಷ್ಟದ ಕೆಲಸ. ಅವನು ಒಮ್ಮೆ ನಿಮ್ಮ ಮುಖ ನೋಡಿದರೆ, ಮುಚ್ಚಳವನ್ನು ನಿಮ್ಮ ಕಡೆ ತಳ್ಳಿದರೆ, ಅದೇ ಅವನ ಮಾತು. ಅದಕ್ಕೆ ಉತ್ತರ ಕೊಡಿ. ದಿನಕ್ಕೆ ಅರ್ಧ ಗಂಟೆ, ಮೊಬೈಲ್ ಮತ್ತು ಟಿವಿ ಆರಿಸಿ. ಮೊಬೈಲಿನಿಂದ ಆಟಿಸಂ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ, ಆದರೆ ಈ ಅರ್ಧ ಗಂಟೆಯನ್ನು ಅದು ತಿಂದುಹಾಕುತ್ತದೆ. ಆಟಿಸಂ ಇಲ್ಲವೆಂದು ಮುಂದೆ ಗೊತ್ತಾದರೂ ಇದರಿಂದ ಮಗುವಿಗೆ ನಷ್ಟವೇನಿಲ್ಲ.

ಇದನ್ನು ಬರೆಯುವಾಗ ನಮಗೊಂದು ಅಳುಕಿದೆ. 'ಮನೆಯಲ್ಲೇ ಮಾಡಿಕೊಳ್ಳಿ' ಎನ್ನುವುದು ಸರ್ಕಾರಕ್ಕೆ ಸುಲಭದ ನೆಪ ಆಗಬಹುದು, ಭಾರವೆಲ್ಲ ತಾಯಿಯ ಹೆಗಲಿಗೆ ಬೀಳಬಹುದು. ಗೋವಾದಲ್ಲೂ ಕಲಿಸಲು ತರಬೇತಾದ ಕಾರ್ಯಕರ್ತರು ಇದ್ದರು, ಅವರ ಹಿಂದೆ ಮಾರ್ಗದರ್ಶನ ಮಾಡುವ ತಜ್ಞರಿದ್ದರು. ಯೂಟ್ಯೂಬ್ ನೋಡಿ ಕಲಿಯಿರಿ ಎಂದು ಯಾರೂ ಕೈತೊಳೆದುಕೊಳ್ಳಲಿಲ್ಲ.

ಕಾಯುವವರನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುತ್ತಾರೆ. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಡೆಯಿಂದ ಇದಕ್ಕೆ ಸ್ಪಷ್ಟ ಉತ್ತರ ಬಂದಿದೆ: ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ, ಮಾಡಿದರೆ, ಪ್ರಚಾರ ಕೊಟ್ಟರೆ ಅದು ವೃತ್ತಿ ದುರ್ನಡತೆ. ಅಡವಿಡುವ ಬಂಗಾರ ಇದ್ದರೆ ಅದನ್ನು ಬಸ್ಸಿಗೂ ಥೆರಪಿಗೂ ಉಳಿಸಿಕೊಳ್ಳಿ.

ಸಾಲಿನಲ್ಲಿ ನಿಂತದ್ದಕ್ಕೆ ಪುರಾವೆ

ಅಂಗನವಾಡಿ ಕಾರ್ಯಕರ್ತೆಗೆ ಮೊದಲು ಹೇಳಿ. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬ ಚಿತ್ರಗಳಿವೆ, ಅದನ್ನೇ ತೋರಿಸಿ ಕೇಳಿ. ಆರ್‌ಬಿಎಸ್‌ಕೆ ತಂಡ ಮುಂದೆ ಯಾವತ್ತು ಬರುತ್ತದೆ ಎಂದು ವಿಚಾರಿಸಿ, ಆ ದಿನ ಮಗುವನ್ನು ಕರೆದುಕೊಂಡು ನೀವೇ ಹೋಗಿ. 'ಕಾರವಾರಕ್ಕೆ ಹೋಗಿ' ಎಂದು ಬಾಯಿಮಾತಲ್ಲಿ ಹೇಳಿದರೆ ಸಾಲದು, ದಿನಾಂಕ ಹಾಕಿದ ಶಿಫಾರಸು ಚೀಟಿ ಬೇಕು. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಸರ್ಕಾರದ ಲೆಕ್ಕದಲ್ಲಿ ನಿಮ್ಮ ಮಗು ಕಾಯಲು ಶುರು ಮಾಡುವುದು ಆ ದಿನದಿಂದ.

ತಜ್ಞರು ಮಗುವಿಗೆ ಆಟಿಸಂ ಇದೆ ಎಂದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. 'ಹಣೆಪಟ್ಟಿ ಬೇಡ' ಎಂದು ಹಿಂಜರಿಯುವವರು ಬಹಳ. ಆ ಸಂಕಟ ಅರ್ಥವಾಗುತ್ತದೆ. ಆದರೆ ಆ ಪ್ರಮಾಣಪತ್ರ ಇಲ್ಲದೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆ ಸಿಗುವುದಿಲ್ಲ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಒಂದು ಮಿತಿಯೊಳಗೆ ಅವಕಾಶವಿದೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಈ ಅರ್ಜಿಗಳ ದಾರಿ ಗೊತ್ತಿರುತ್ತದೆ. ಶಾಲೆಯ ವಯಸ್ಸಾಗಿದ್ದರೆ ತಾಲ್ಲೂಕಿನ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ.

ಪಟ್ಟಿಯೇ ಇಲ್ಲದ ಕಡೆ ಪಟ್ಟಿ ಮಾಡಿಸುವ ಒಂದು ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಹಿಂದಿನ ಮೂರು ವರ್ಷಗಳಲ್ಲಿ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಿಂದ ಬೆಳವಣಿಗೆಯ ತೊಂದರೆಗೆಂದು ಎಷ್ಟು ಮಕ್ಕಳನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಲಾಯಿತು, ಅವರಲ್ಲಿ ಎಷ್ಟು ಮಂದಿ ತಲುಪಿದರು, ಎಷ್ಟು ಮಂದಿಗೆ ಥೆರಪಿ ಶುರುವಾಯಿತು, ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದೆಷ್ಟು. ಪೋಷಕರೇ ಬರೆಯಬೇಕೆಂದಿಲ್ಲ, ಊರಿನ ಯುವಕ ಸಂಘ, ಪಂಚಾಯಿತಿ ಸದಸ್ಯರು, ಸ್ಥಳೀಯ ವರದಿಗಾರರು ಯಾರು ಬೇಕಾದರೂ ಕೇಳಬಹುದು.

ಕಾರವಾರಕ್ಕೆ ಹೋಗುವ ಮೊದಲು ಇನ್ನೊಂದು ಬಾಗಿಲು ತಟ್ಟಬಹುದು. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ಈ ವಾರ ನಿಮ್ಮ ತಾಲ್ಲೂಕಿನ ಸರದಿಯೋ ಅಲ್ಲವೋ ಎಂದು ಆಸ್ಪತ್ರೆಗೆ ಮೊದಲೇ ವಿಚಾರಿಸಿ, ಸುಮ್ಮನೆ ಒಂದು ದಿನದ ದುಡಿಮೆ ಕಳೆದುಕೊಳ್ಳಬೇಡಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಮಗು ಮನೆಯಲ್ಲಿ ಆಡುವ, ಹೆಸರು ಕರೆದಾಗ ಏನು ಮಾಡುತ್ತದೆ ಎಂದು ತೋರಿಸುವ ಎರಡು ಮೂರು ನಿಮಿಷದ ವಿಡಿಯೊ ಮೊಬೈಲಿನಲ್ಲಿ ಇರಲಿ. ಹಳೆಯ ವಿಡಿಯೊ, 'ಅಮ್ಮ', 'ಬೇಕು' ಎನ್ನುತ್ತಿದ್ದ ಕಾಲದ್ದು, ಇದ್ದರೆ ಅದನ್ನೂ ಅಳಿಸದೆ ಒಯ್ಯಿರಿ. ಹೊಸ ಜಾಗದಲ್ಲಿ ಅಳುತ್ತ ಕೂರುವ ಮಗುವಿಗಿಂತ ವೈದ್ಯರಿಗೆ ಆ ವಿಡಿಯೊಗಳೇ ಹೆಚ್ಚು ಹೇಳುತ್ತವೆ.